ಲೈಬ್ರರಿಯಲ್ಲಿ ಒಂದು ಟೇಬಲ್ ಕೊಡಿ ಸ್ವಾಮಿ

ನಮಸ್ಕಾರ. ಕಳೆದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಲೈಬ್ರರಿ ಇರೋದು ಓದೋಕೆ. ವೈರು, ಬ್ಯಾಟರಿ ಎಲ್ಲ ರಿಪೇರಿ ಅಂಗಡಿಯಲ್ಲಿ ಇಟ್ಕೊಳ್ಳಿ." ಅದಕ್ಕೆ ಲೈಕ್ ಬೇರೆ!

ನಾನು ಕೇಳಿದ್ದಾದರೂ ಏನು? ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಒಂದು ಟೇಬಲ್. ಶನಿವಾರ ಮಧ್ಯಾಹ್ನ ಎರಡು ಗಂಟೆ ಹೊತ್ತು. ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳು ಬಂದು ಎಲ್‌ಇಡಿ ಅನ್ನೋ ಪುಟ್ಟ ದೀಪ ಹೊತ್ತಿಸಲಿ. ಕಬ್ಬನ್ ಪಾರ್ಕಿನ ಕೆಂಪು ಲೈಬ್ರರಿ ಕಟ್ಟಡ ಬರೆದುಕೊಡಿ ಅಂದೆನಾ?

ಅಲ್ಲಿ ಏನಾಗುತ್ತದೆ ಕೇಳಿ. 3 ವೋಲ್ಟಿನ ಬಟನ್ ಸೆಲ್ ಒಂದು, ಕೆಂಪು ಎಲ್‌ಇಡಿ ಒಂದು. ಎಲ್‌ಇಡಿಗೆ ಎರಡು ಕಾಲು, ಒಂದು ಉದ್ದ, ಒಂದು ಗಿಡ್ಡ. ಉದ್ದದ್ದು ಪ್ಲಸ್ ಕಡೆ ಇರಬೇಕು. ಉಲ್ಟಾ ಹಿಡಿದರೆ ಉರಿಯಲ್ಲ. ಹುಡುಗನ ಮುಖ ಸಪ್ಪಗಾಗುತ್ತದೆ, "ಅಂಕಲ್, ಇದು ಕೆಟ್ಟೋಗಿದೆ" ಅನ್ನುತ್ತಾನೆ. ಪಕ್ಕದ ಹುಡುಗಿ ಸೆಲ್ ಮಗುಚಿ ಹಿಡಿಯುತ್ತಾಳೆ. ಫಕ್ಕನೆ ಬೆಳಕು! ಎಲ್‌ಇಡಿಯಂಥ ಡಯೋಡಿನಲ್ಲಿ ಕರೆಂಟ್ ಒಂದೇ ದಿಕ್ಕಿಗೆ ಹರಿಯುತ್ತದೆ ಅಂತ ಇನ್ನು ಉರು ಹೊಡೆಸಬೇಕಾ? ಆಮೇಲೆ ರಟ್ಟಿನ ಮೇಲೆ ತಾಮ್ರದ ಟೇಪ್ ಅಂಟಿಸಿದರೆ, ಒತ್ತಿದಾಗ ಹೊತ್ತಿಕೊಳ್ಳುವ ಗ್ರೀಟಿಂಗ್ ಕಾರ್ಡ್ ರೆಡಿ. (ಆ ವಿಡಿಯೋ ಚಾನೆಲ್‌ನಲ್ಲೇ ಇದೆ, ನೋಡಿ. ಬೆಲ್ ಒತ್ತಿ, ಅದೂ ಸ್ವಿಚ್ಚೇ.)

"ಶಾಕ್ ಹೊಡೆದರೆ?" 3 ವೋಲ್ಟಿಗಾ? ನಿಮ್ಮ ಟಿವಿ ರಿಮೋಟಿನ ಎರಡು ಸೆಲ್ ಸೇರಿದರೂ ಅಷ್ಟೇ. ಹುಷಾರಾಗಿರಬೇಕಾದದ್ದು ಬೇರೆ: ಪುಟ್ಟ ಮಕ್ಕಳು ಸೆಲ್ ನುಂಗಿದರೆ ಪ್ರಾಣಕ್ಕೇ ಅಪಾಯ. ಎಣಿಸಿ ಕೊಡಿ, ಎಣಿಸಿ ವಾಪಸ್ ತಗೊಳ್ಳಿ. ಮುಗೀತು.

"ಗಲಾಟೆ ಆಗುತ್ತೆ." ಎಲ್‌ಇಡಿ ಯಾವತ್ತು ಕೂಗಿದೆ? ಪೇಪರ್ ಮುಖದ ಮೇಲೆ ಹಾಕಿಕೊಂಡು ಗೊರಕೆ ಹೊಡೆಯುವ ಯಜಮಾನರಿಗೆ ಮೊದಲು ಹೇಳಿ.

"ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯಲ್ಲ." ಮಕ್ಕಳೇ ಕೈಯಾರೆ ಮಾಡಿ ಕಲಿಯೋ ಆ ಲ್ಯಾಬ್ ಎಲ್ಲ ಶಾಲೆಯಲ್ಲಿ ಎಲ್ಲಿದೆ? ಇದ್ದಲ್ಲೂ ಆರನೇ ಕ್ಲಾಸಿನಿಂದ ಮೇಲೆ. ನಾಲ್ಕನೇ ಕ್ಲಾಸಿನ ಹುಡುಗಿ ಎರಡು ವರ್ಷ ಕಿಟಕಿಯಲ್ಲಿ ಇಣುಕುತ್ತಾ ನಿಲ್ಲಬೇಕಾ? ರೊಬೊಟಿಕ್ಸ್ ಕ್ಲಾಸಿಗೆ ಸೇರಿಸೋಣ ಅಂದರೆ ಸಾವಿರಗಟ್ಟಲೆ ಫೀಸು. ಲೈಬ್ರರಿಗೆ ನಾವು ಆಗಲೇ ದುಡ್ಡು ಕಟ್ಟಿದ್ದೇವೆ ಸ್ವಾಮಿ! 1965ರ ಗ್ರಂಥಾಲಯ ಕಾಯ್ದೆಯ ಹೆಸರಲ್ಲಿ, ಆಸ್ತಿ ತೆರಿಗೆಯ ಮೇಲೆ ಶೇ 6 ಕರ. ಅದರಲ್ಲಿ ಒಂದು ಟೇಬಲ್ ಬರಲ್ವಾ? ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಜಾರ್ ಎಸ್.ಪಿ. ರೋಡಿಗೆ ಹೋದರೆ ಎಲ್‌ಇಡಿ ಒಂದೆರಡು ರೂಪಾಯಿ!

ಬ್ರಿಟನ್ನಿನ ಎಷ್ಟೋ ಲೈಬ್ರರಿಗಳಲ್ಲಿ ಮೈಕ್ರೋಬಿಟ್ ಅನ್ನೋ ಪುಟಾಣಿ ಕಂಪ್ಯೂಟರ್ ಬೋರ್ಡನ್ನು ಪುಸ್ತಕದ ಹಾಗೆ ಮನೆಗೇ ಕೊಟ್ಟು ಕಳಿಸುತ್ತಾರೆ. ನಾನು ಮನೆಗೆ ಕೇಳಲಿಲ್ಲ. ಟೇಬಲ್ ಕೇಳಿದೆ. ಒಂದು! ಅಲುಗಾಡುವ ಟೇಬಲ್ ಆದರೂ ಸರಿ, ಕಾಲಿಗೆ ಕೊಡೋಕೆ ರಟ್ಟು ನಾವೇ ತರುತ್ತೇವೆ. ಯಾಕೆ ಬೇಕು ಅಂತ ಇನ್ನೊಮ್ಮೆ ಕೇಳಬೇಡಿ. ಬೇಕು ಅಂದರೆ ಬೇಕು.

ಲೈಕ್ ಮಾಡಿ, ನಿಮ್ಮೂರಿನ ಲೈಬ್ರರಿಯನ್ ಮೇಡಂಗೆ ಕಳಿಸಿ. ಮುಂದಿನ ವಾರ ಮಕ್ಕಳಿಗೆ ಬಜರ್ ಕಟ್ಟೋದು ಹೇಗೆ ಅಂತ ತೋರಿಸುತ್ತೇನೆ. ಹೌದು, ಅದು ಸದ್ದು ಮಾಡುತ್ತದೆ.