ನಿಮ್ಮ ನಾಯಕನ ಇಷ್ಟದ ಬಣ್ಣ ಕಟ್ಟಿಕೊಂಡು ನಮಗೇನು?

ನಮಸ್ಕಾರ. ಮುಂಬೈಯ ಡೊಂಬಿವಲಿ ಲೋಕಲ್ ರೈಲಲ್ಲಿ ಒಂಟಿ ಕಾಲಲ್ಲಿ ನಿಂತು ಕೇಳ್ತಿರೋರಿಗೆ ಮೊದಲ ನಮಸ್ಕಾರ, ಕಿಟಕಿ ಸೀಟು ಸಿಕ್ಕವರಿಗೆ ಆಮೇಲೆ.

ನಮ್ಮ ಕಥೆ ಬರೆಯೋ ಪಾಠದ ಹೋದ ಕಂತಿನ ಕೆಳಗೆ ಒಬ್ಬರ ಕಾಮೆಂಟು: "ಸರ್, ನಾಯಕನ ಬಗ್ಗೆ 12 ಪುಟ ಬಯೋಡೇಟಾ ಮಾಡಿಟ್ಟಿದ್ದೇನೆ. ರಾಶಿ, ನಕ್ಷತ್ರ, ಇಷ್ಟದ ಬಣ್ಣ ಎಲ್ಲ ಇದೆ. ಕಥೆ ಮಾತ್ರ ಮೂರನೇ ಪುಟ ದಾಟ್ತಿಲ್ಲ." ದಾಟಲ್ಲ ಸ್ವಾಮಿ! ಅದನ್ನ ಮದುವೆ ಬ್ಯೂರೋಗೆ ಕೊಡಿ, ಗಂಡು ಹುಡುಕೋರು ಇರ್ತಾರೆ.

ನಾನು ಕೇಳೋದು ಒಂದೇ: ಅವನಿಗೆ ಇವತ್ತು ಏನು ಬೇಕು? "ಪ್ರೀತಿ ಬೇಕು, ಅಸ್ಮಿತೆ ಬೇಕು" ಅಂದ್ರೆ ನಡೆಯಲ್ಲ. ಸಿಕ್ತೋ ಇಲ್ವೋ ಅಂತ ಕಣ್ಣಿಗೆ ಕಾಣಬೇಕು.

ಮಾಟುಂಗದ ಉಡುಪಿ ಹೋಟೆಲ್, ಒಬ್ಬ ಸಪ್ಲೈಯರ್ ಹುಡುಗ. "ಊರಿನ ನೆನಪಲ್ಲಿ ಕೊರಗುವ ಮುಗ್ಧ" ಅಂತ ಬರೆದ್ರೆ ನಾಲ್ಕು ಪುಟ ಅಲ್ಲೇ ಕೊರಗ್ತಾ ನಿಂತಿರ್ತಾನೆ. ಅದೇ ಅವನಿಗೆ ಊರಲ್ಲಿ ಮನೆಯ ಭೂತದ ಕೋಲಕ್ಕೆ ನಾಲ್ಕು ದಿನ ರಜೆ ಬೇಕು ಅನ್ನಿ. ನಾಳೆ ಮಧ್ಯಾಹ್ನ ಕುರ್ಲಾದಿಂದ ಊರ ಕಡೆ ಹೋಗೋ ಮತ್ಸ್ಯಗಂಧ ರೈಲು, ಟಿಕೆಟ್ ಜೇಬಲ್ಲಿದೆ. ಎದ್ದು ಕೂತಿತಾ ಕಥೆ? (ಎಂಬತ್ತರ ದಶಕದ ಕಥೆ ಆದ್ರೆ ದಯವಿಟ್ಟು ಬಸ್ಸಿಗೆ ಹತ್ತಿಸಿ. ಈ ರೈಲು ಓಡೋ ಕೊಂಕಣ ರೈಲ್ವೆ ಪೂರ್ತಿ ಶುರುವಾಗಿದ್ದೇ 1998ರಲ್ಲಿ. ಈ ತಪ್ಪು ಸಿಕ್ಕಿಬಿದ್ರೆ ಓದುಗ ಆಮೇಲೆ ನಿಮ್ಮ ಕಥೆಯ ಅಜ್ಜಿಯನ್ನೂ ನಂಬಲ್ಲ.)

ಅಡ್ಡ ಯಾರು? ಧಣಿಗಳು. ಅವರನ್ನ ರಾಕ್ಷಸ ಮಾಡಬೇಡಿ, ಅವರಿಗೂ ಇವತ್ತು ಒಂದು ಬೇಕು: ಇಬ್ಬರು ಹುಡುಗರು ಆಗಲೇ ಊರಲ್ಲಿದ್ದಾರೆ, ನಾಳೆ 200 ಊಟದ ಆರ್ಡರ್. ಇಬ್ಬರದೂ ನ್ಯಾಯವೇ. ಈಗ ಹುಡುಗ ಮೂರು ಸಲ ಒದ್ದಾಡಲಿ. ಮೊದಲು ನೇರ ಕೇಳಿ ಬೈಸಿಕೊಳ್ತಾನೆ. ಆಮೇಲೆ ಅಮ್ಮನಿಗೆ ಹುಷಾರಿಲ್ಲ ಅಂತಾನೆ. ಧಣಿಗಳು ಅಲ್ಲೇ ಊರಿಗೆ ಫೋನ್ ಹಚ್ತಾರೆ, ಅಮ್ಮನೇ ಎತ್ತುತ್ತಾರೆ. ಮೂರನೇ ಸಲ ತನ್ನ ಪಾಳಿಯನ್ನ ಕ್ಲೀನರ್ ಹುಡುಗನ ತಲೆಗೆ ಕಟ್ತಾನೆ, ಆ ಹುಡುಗನಿಗೆ ನಾಳೆ ರಾತ್ರಿಶಾಲೆಯ ಪರೀಕ್ಷೆ ಅಂತ ಗೊತ್ತಿದ್ದೂ. ಹೇಳಿ, ಮುಗ್ಧನಾ ಇವನು? ಪ್ರತಿ ಸಲ ತೆರೋ ಬೆಲೆ ಏರಬೇಕು. ಮೂರೂ ಒಂದೇ ತೂಕ ಇದ್ರೆ ಮಧ್ಯದ್ದನ್ನ ಓದುಗ ಹಾರಿಸ್ತಾನೆ. ರಜೆ ಮಾತು ಮೊದಲ ಪುಟದಲ್ಲೇ ಬರಲಿ. ಬಾಲ್ಯ? ಎರಡನೇ ಪ್ರಯತ್ನ ಕೆಟ್ಟ ಮೇಲೆ, ಎರಡೇ ವಾಕ್ಯ.

"ಸರ್, ನಂದು ಮೂಡ್ ಕಥೆ." ಮೂಡ್ ಅಂತೆ! ಮಳೆಗಾಲದಲ್ಲಿ ಹಳಿ ಮುಳುಗಿ ಸಾಯನ್-ಕುರ್ಲಾ ಮಧ್ಯೆ ಗಾಡಿ ನಿಂತಾಗ ಡಬ್ಬದಲ್ಲಿ ಎಲ್ಲರಿಗೂ ಮೂಡ್ ಇರುತ್ತೆ. ಒಬ್ಬನಿಗೆ ಮಾತ್ರ ಅರ್ಜೆಂಟಾಗಿ ಒಂದಕ್ಕೆ ಹೋಗಬೇಕು. ಕಥೆ ಅವನದು.

"ಇದು ಪಾಶ್ಚಾತ್ಯ ಸೂತ್ರ" ಅಂತ ಇನ್ನೊಬ್ಬರು. ಹೌದಾ? ಕೈಕೇಯಿ ಯಾವ ದೇಶದವಳು? ಎರಡು ವರ, ಅದೂ ಬೆಳಗಾದ್ರೆ ಪಟ್ಟಾಭಿಷೇಕ ಅನ್ನೋ ರಾತ್ರಿ!

ಹೊಸ ಕಂತು ಬಂದಾಗ ಗೊತ್ತಾಗೋಕೆ ಗಂಟೆ ಗುಂಡಿ ಒತ್ತಿ. ದಾದರ್ ಬರೋ ಮೊದಲೇ ಒತ್ತಿ, ಆಮೇಲೆ ಕೈ ಆಡಿಸೋಕೆ ಜಾಗ ಇರಲ್ಲ.

12 ಪುಟದವರೇ, ಇದ್ದೀರಾ? ಏನು ಬೇಕು ಅವನಿಗೆ? ಇಷ್ಟದ ಬಣ್ಣ ನೀಲಿ ಅಂತ ಮತ್ತೆ ಬರೆದ್ರೆ ಬ್ಲಾಕ್ ಮಾಡ್ತೀನಿ. ಹಾಳಾಗ್ಲಿ, ಒಂದು ನೀಲಿ ಅಂಗಿಯಾದ್ರೂ ಬೇಕು ಅನ್ನಿ! ಅಂಗಡಿ ಎಂಟಕ್ಕೆ ಬಾಗಿಲು ಹಾಕುತ್ತೆ ಅನ್ನಿ! ಏನಾದ್ರೂ ಒಂದು ಬೇಕು ಅನ್ನಿ ಮಾರಾಯ್ರೇ!