ಈ ಹತ್ತು ನಿಮಿಷ ಯಾವ ಹತ್ತು ನಿಮಿಷ?

ನಮಸ್ಕಾರ. ಲೈಟ್ ಹಾಕಿಲ್ಲ, ಬೇಕಂತಲೇ. ಈ ಕತ್ತಲಲ್ಲಿ ಕೆಂಪಗೆ ಕಾಣುತ್ತಿರುವ ಅಂಕಿಗಳು ನನ್ನ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್‌ನವು. ಹೋದ ತಿಂಗಳು ಒಂದು ದಿನ ಬೆಳಗಿನ ಜಾವ 5:45ಕ್ಕೆ ಎದ್ದು ಬಂದಾಗ ನಾನು ಇಲ್ಲೇ ನಿಂತಿದ್ದೆ. ಆದರೆ ಅವತ್ತು ಅಲ್ಲಿ ಅಂಕಿ ಇರಲಿಲ್ಲ, ಅಕ್ಷರ ಇತ್ತು. ಏನೋ ತಪ್ಪಾಗಿದೆ, ತಳ ಹತ್ತುತ್ತಿದೆ ಅಂತ ಕುಕ್ಕರ್ ಹೇಳುವ ರೀತಿ ಅದು.

ಆಗಿದ್ದು ಇಷ್ಟೇ. ರಾತ್ರಿ 11ಕ್ಕೆ ಕಡಲೆಕಾಳು, ನೀರು ಹಾಕಿ, ಆರು ಗಂಟೆ ಬಿಟ್ಟು ತಾನೇ ಶುರುವಾಗಲಿ ಅಂತ ಡಿಲೇ ಇಟ್ಟು ಮಲಗಿದ್ದೆ. ಸರಿಯಾಗಿ 5ಕ್ಕೆ ಕುಕ್ಕರ್ ಎದ್ದಿದೆ, ನಾನು ಎದ್ದಿಲ್ಲ. ಮುಚ್ಚಳದ ಮೇಲಿನ ಹಬೆ ವಾಲ್ವ್ ಸೀಲ್ ಕಡೆಗೆ ತಿರುಗಿರಲಿಲ್ಲ, ತೆರೆದೇ ಇತ್ತು. ಹಬೆ ಎಲ್ಲಾ ಹೊರಗೆ. ಮೇಲಿನ ಕಪಾಟಿನ ಅಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಗೋಡೆ ಬೆವತಿತ್ತು, ಸುಟ್ಟ ವಾಸನೆ ಮಲಗುವ ಕೋಣೆವರೆಗೂ ಬಂದಿತ್ತು. ಪಾತ್ರೆ ಒಳಗೆ ನೋಡಿದರೆ ತಳದ ಕಾಳು ಕಪ್ಪಗೆ, ಮೇಲಿನ ಕಾಳು ಹಲ್ಲಿಗೆ ಸಿಕ್ಕರೆ ಕಟ್ ಅನ್ನುತ್ತಿತ್ತು.

ನನಗೆ ಆಶ್ಚರ್ಯ ಆಗಿದ್ದು ಬೇರೆ ವಿಷಯಕ್ಕೆ. ನಾನು ಇಟ್ಟಿದ್ದು 25 ನಿಮಿಷ. ಅದು ಮುಕ್ಕಾಲು ಗಂಟೆ ಉರಿದಿತ್ತು. ಟೈಮರ್ ಯಾಕೆ ನಿಲ್ಲಿಸಲಿಲ್ಲ? ಯಾಕೆಂದರೆ ಟೈಮರ್ ಇನ್ನೂ ಶುರುವೇ ಆಗಿರಲಿಲ್ಲ.

ಬನ್ನಿ, ಲೈಟ್ ಹಾಕೋಣ. ಇದನ್ನು ಸ್ವಲ್ಪ ನಿಧಾನವಾಗಿ ತೋರಿಸಬೇಕು.

ಈಗ ಪಾತ್ರೆಯಲ್ಲಿ ಎರಡು ಲೋಟ ನೀರಿದೆ, ಬೇರೇನೂ ಇಲ್ಲ. ಹತ್ತು ನಿಮಿಷಕ್ಕೆ ಇಟ್ಟು, ಪಕ್ಕದಲ್ಲಿ ಫೋನ್‌ನ ಸ್ಟಾಪ್‌ವಾಚ್ ಒತ್ತುತ್ತೇನೆ. ನೋಡಿ, ಕುಕ್ಕರ್ ಮೇಲೆ ಅಂಕಿ ಇಲ್ಲ, ಬರೀ 'ಆನ್' ಅಂತ ಇದೆ. ಅದು ಈಗ ಬಿಸಿಯಾಗುತ್ತಿದೆ ಅಷ್ಟೇ. ಒಳಗೆ ಹಬೆ ತುಂಬಬೇಕು, ಈ ಚಿಕ್ಕ ಪಿನ್ ಮೇಲೆ ಏಳಬೇಕು, ಒತ್ತಡ ಸಾಕಷ್ಟು ಆಗಬೇಕು. ಆಮೇಲೆ ಹತ್ತು ಅಂತ ತೋರಿಸಿ ಎಣಿಸಲು ಶುರು ಮಾಡುತ್ತದೆ. ಇಲ್ಲಿ ವಿಡಿಯೊ ಓಡಿಸುತ್ತಿದ್ದೇನೆ... ಹ್ಞಾ, ಬಂತು. ಫೋನ್‌ನಲ್ಲಿ 8 ನಿಮಿಷ ಕಳೆದಿದೆ. ಕುಕ್ಕರ್ ಲೆಕ್ಕದಲ್ಲಿ ಈಗ ಸೊನ್ನೆ.

ಇದೇ ಪಾತ್ರೆಯನ್ನು ಅರ್ಧ ತುಂಬಿಸಿ ನೋಡಿದೆ, 20 ನಿಮಿಷ ದಾಟಿತು. ಫ್ರೀಜರ್‌ನಿಂದ ತೆಗೆದ ಗಟ್ಟಿ ಪದಾರ್ಥ ಹಾಕಿದರೆ ಇನ್ನೂ ಜಾಸ್ತಿ. ಹಾಗಾಗಿ 'ಹತ್ತು ನಿಮಿಷದ ಅಡುಗೆ' ಅಂತ ಯಾರಾದರೂ ಹೇಳಿದರೆ ನಾನು ಈಗ ಕೇಳುವುದು ಒಂದೇ ಪ್ರಶ್ನೆ: ಯಾವ ಹತ್ತು ನಿಮಿಷ? ಬಿಸಿಯಾಗುವುದು ಒಂದು ಸಮಯ. ಒತ್ತಡದಲ್ಲಿ ಬೇಯುವುದು ಇನ್ನೊಂದು. ಒತ್ತಡ ಇಳಿಯುವುದು ಮತ್ತೊಂದು. ಟೈಮರ್ ಎಣಿಸುವುದು ನಡುವಿನದನ್ನು ಮಾತ್ರ.

ವಾಲ್ವ್ ತೆರೆದಿದ್ದರೆ ಒತ್ತಡವೇ ಬರುವುದಿಲ್ಲ. ಒತ್ತಡ ಬರದಿದ್ದರೆ ಎಣಿಕೆ ಶುರುವಾಗುವುದಿಲ್ಲ. ಎಣಿಕೆ ಶುರುವಾಗದಿದ್ದರೆ ಮುಗಿಯುವುದು ಯಾವಾಗ? ನೀರು ಬತ್ತಿ, ತಳ ಅತಿಯಾಗಿ ಕಾದು, ಕುಕ್ಕರ್ ತಾನೇ ಗಾಬರಿಯಾದಾಗ. ನನ್ನ ಕಾಳಿನ ಕಥೆ ಅದೇ. ಮುಚ್ಚಳದೊಳಗಿನ ರಬ್ಬರ್ ರಿಂಗ್ ಸರಿ ಕೂರದೆ ಅಂಚಿನಿಂದ ಹಬೆ ಸೋರುತ್ತಿದ್ದರೂ ಹೀಗೇ ಆಗುತ್ತದೆ. ಅದಕ್ಕೇ ಈಗ ನನ್ನ ನಿಯಮ: ಆ ಅಂಕಿ ಕಾಣುವವರೆಗೂ ಅಡುಗೆಮನೆ ಬಿಟ್ಟು ಹೋಗುವುದಿಲ್ಲ. ಸ್ಟವ್ ಮೇಲಿನ ಕುಕ್ಕರ್ ಆದರೆ ಕೂಗಿ ಕರೆಯುತ್ತದೆ. ಇದು ಸುಮ್ನೆ ಕೂತಿರುತ್ತದೆ, ಅದೇ ಇದರ ಸುಖ, ಅದೇ ಇದರ ಕಿರಿಕಿರಿ.

ಒಂದು ಸಣ್ಣ ಕಥೆ ಹೇಳಿಬಿಡುತ್ತೇನೆ. 1679ರಲ್ಲಿ ಫ್ರಾನ್ಸಿನ ಡೆನಿ ಪಾಪಾಂ ಅನ್ನುವವರು ಲಂಡನ್‌ನಲ್ಲಿ ಮೊದಲ ಪ್ರೆಶರ್ ಕುಕ್ಕರ್ ಮಾಡಿದರು. ಮೂಳೆ ಮೆತ್ತಗಾಗುವಂತೆ ಬೇಯಿಸಲು. ಒಳಗೆ ಎಷ್ಟು ಕಾದಿದೆ ಅಂತ ತಿಳಿಯಲು ಅವರು ಮುಚ್ಚಳದ ಮೇಲಿನ ಗುಳಿಯೊಳಗೆ ಒಂದು ಹನಿ ನೀರು ಬಿಟ್ಟು, ಅದು ಎಷ್ಟು ಬೇಗ ಆರುತ್ತದೆ ಅಂತ ದಾರಕ್ಕೆ ಕಟ್ಟಿದ ಲೋಲಕದ ತೂಗಾಟದಲ್ಲಿ ಎಣಿಸುತ್ತಿದ್ದರಂತೆ. ಕುಕ್ಕರ್ ಸಿಡಿಯದ ಹಾಗೆ ಸೇಫ್ಟಿ ವಾಲ್ವ್ ಇಟ್ಟವರೂ ಅವರೇ. ಅಂದರೆ ಟೈಮರ್ ಮತ್ತು ವಾಲ್ವ್, ಎರಡರ ತಲೆನೋವೂ ಮುನ್ನೂರು ವರ್ಷಕ್ಕಿಂತ ಹಳೆಯದು. ನನಗೆ ಸ್ವಲ್ಪ ಸಮಾಧಾನ ಆಯಿತು.

ಸರಿ, ಈಗ ಡಿಲೇ ಬಟನ್.

ಇದು ನನ್ನ ಪ್ರಕಾರ ಈ ಕುಕ್ಕರ್‌ನ ಅತಿ ಉಪಯೋಗದ ಬಟನ್, ಅತಿ ಅಪಾಯದ್ದೂ ಅದೇ. ಮೊದಲು ಒಂದು ಗೊಂದಲ ಬಿಡಿಸೋಣ. ಕೆಲವು ಮಾದರಿಗಳಲ್ಲಿ ಆರು ಗಂಟೆ ಅಂತ ಇಟ್ಟರೆ, ಆರು ಗಂಟೆ ಆದಮೇಲೆ ಬೇಯಲು ಶುರುವಾಗುತ್ತದೆ ಅಂತ ಅರ್ಥ. ಇನ್ನು ಕೆಲವದರಲ್ಲಿ ಆರು ಗಂಟೆ ಕಳೆಯುವಷ್ಟರಲ್ಲಿ ಅಡುಗೆ ಮುಗಿದಿರುತ್ತದೆ ಅಂತ ಅರ್ಥ. ಎರಡರ ಬಟನ್ ಮೇಲೂ ಹೆಚ್ಚುಕಡಿಮೆ ಒಂದೇ ಪದ ಬರೆದಿರುತ್ತಾರೆ. ನಿಮ್ಮದು ಯಾವುದು ಅಂತ ಜತೆಗೆ ಕೊಟ್ಟ ಪುಸ್ತಕದಲ್ಲಿ ಒಂದು ಸಲ ನೋಡಿಕೊಳ್ಳಿ. ಪುಸ್ತಕ ಕಳೆದಿದ್ದರೆ ಬರೀ ನೀರಿಟ್ಟು, ಹಗಲು ಹೊತ್ತಲ್ಲಿ ಒಂದು ಗಂಟೆ ಡಿಲೇ ಇಟ್ಟು ನೋಡಿ. ಗೊತ್ತಾಗಿಬಿಡುತ್ತದೆ.

ಮುಖ್ಯ ವಿಷಯ ಇನ್ನೊಂದು. ಡಿಲೇ ಇಟ್ಟಾಗ ಆ ಗಂಟೆಗಳ ಕಾಲ ಕುಕ್ಕರ್ ಏನು ಮಾಡುತ್ತಿರುತ್ತದೆ? ಏನೂ ಇಲ್ಲ. ಅದು ಫ್ರಿಜ್ ಅಲ್ಲ. ಒಳಗಿರುವುದೆಲ್ಲ ಕೋಣೆಯ ಬಿಸಿಯಲ್ಲೇ ಕೂತಿರುತ್ತದೆ. 4ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತವೆ. ಅದಕ್ಕೇ ಮಾಂಸ, ಮೀನು, ಮೊಟ್ಟೆ, ಹಾಲು ಇಂಥವನ್ನು ಎರಡು ಗಂಟೆಗಿಂತ ಜಾಸ್ತಿ ಹೊರಗೆ ಇಡಬಾರದು ಅಂತ ಹೇಳುವುದು. ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ.

'ಆಮೇಲೆ ಹೇಗೂ ಪ್ರೆಶರ್‌ನಲ್ಲಿ ಬೇಯುತ್ತದಲ್ಲ, ಎಲ್ಲಾ ಸಾಯುತ್ತವೆ' ಅಂತ ನಾನೂ ವಾದ ಮಾಡಿದ್ದೆ. ಬ್ಯಾಕ್ಟೀರಿಯಾ ಸಾಯಬಹುದು. ಆದರೆ ಕೆಲವು ಜಾತಿಯವು ಅಷ್ಟರೊಳಗೆ ಬಿಟ್ಟ ವಿಷ ಕುದಿಸಿದರೂ ಹಾಳಾಗುವುದಿಲ್ಲ. ಹಾಗಾಗಿ ಇವಕ್ಕೆ ಡಿಲೇ ಬೇಡವೇ ಬೇಡ. ಐಸ್ ಹಾಕಿ ಇಡುತ್ತೇನೆ, ಮಾಂಸ ಗಟ್ಟಿ ಇದ್ದಾಗಲೇ ಹಾಕುತ್ತೇನೆ ಅನ್ನುವ ಉಪಾಯಗಳೂ ಇವೆ. ನನಗೆ ಧೈರ್ಯ ಇಲ್ಲ. ಮುಚ್ಚಳದೊಳಗೆ ಯಾವಾಗ ಕರಗಿತು, ಎಷ್ಟು ಬಿಸಿಯಾಯಿತು ಅಂತ ನೋಡುವವರು ಯಾರು?

ನಾನು ಡಿಲೇಗೆ ಇಡುವುದು ಒಣ ಕಾಳು, ಒಣ ಧಾನ್ಯ, ಜತೆಗೆ ತಣ್ಣೀರು, ಅಷ್ಟೇ. ಅವಕ್ಕೆ ನೆನೆಯುವ ಹೊತ್ತೂ ಸಿಗುತ್ತದೆ. ಅಕ್ಕಿಗೆ ಮಾತ್ರ ಗಂಟೆಗಟ್ಟಲೆ ಬೇಡ. ತುಂಬಾ ಸೆಕೆ ಇದ್ದ ದಿನ ಕಾಳಿಗೂ ಕಡಿಮೆ ಮಾಡುತ್ತೇನೆ, ಇಲ್ಲವಾದರೆ ನೀರಿನ ಮೇಲೆ ನೊರೆ ಬಂದು ಹುಳಿ ವಾಸನೆ ಹೊಡೆಯುತ್ತದೆ.

ರಾಜ್ಮಾ? ಅದಕ್ಕೆ ಬೇರೆ ಲೆಕ್ಕ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಅನ್ನುವ ವಸ್ತು ಜಾಸ್ತಿ. ಸರಿಯಾಗಿ ಬೇಯದ ನಾಲ್ಕೈದು ಕಾಳು ಸಾಕು, ವಾಂತಿ, ಹೊಟ್ಟೆನೋವು ಶುರುವಾಗಲು. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಬೇಕು. ಡಿಲೇ ಇಟ್ಟರೆ ನಡುರಾತ್ರಿ ನೀರು ಚೆಲ್ಲುವವರು ಯಾರು? ಆದ್ದರಿಂದ ಅದಕ್ಕೆ ಡಿಲೇ ಇಲ್ಲ. ಪ್ರೆಶರ್‌ನಲ್ಲಿ ಪೂರ್ತಿ ಬೆಂದರೆ ತೊಂದರೆ ಇಲ್ಲ. ಸಮಸ್ಯೆ ಇರುವುದು ಪಕ್ಕದ ಬಟನ್‌ನಲ್ಲಿ, ಸ್ಲೋ ಕುಕ್. ಅದೂ ಅದೇ ಟೈಮರ್ ತೋರಿಸುತ್ತದೆ, ಎಂಟು ಗಂಟೆ ಅಂತ ದೊಡ್ಡದಾಗಿ ಹೇಳುತ್ತದೆ, ಆದರೆ ಒಳಗಿನ ಬಿಸಿ ಕುದಿಯುವ ಮಟ್ಟಕ್ಕೆ ಹೋಗದೇ ಇರಬಹುದು. ಸುಮಾರು 80 ಡಿಗ್ರಿಯಲ್ಲಿ ಅರೆಬೆಂದ ರಾಜ್ಮಾ ಹಸಿಯದಕ್ಕಿಂತಲೂ ಕೆಟ್ಟದ್ದು. ಸ್ಲೋ ಕುಕ್ ಮಾಡಲೇಬೇಕು ಅಂತಿದ್ದರೆ ಮೊದಲು ಬೇರೆ ಪಾತ್ರೆಯಲ್ಲಿ ಅರ್ಧ ಗಂಟೆ ಚೆನ್ನಾಗಿ ಕುದಿಸಿ. ಗಂಟೆ ಜಾಸ್ತಿ ಇಟ್ಟ ಮಾತ್ರಕ್ಕೆ ಬಿಸಿ ಜಾಸ್ತಿ ಆಗುವುದಿಲ್ಲ, ಅಲ್ವಾ?

ನಡುವೆ ಕರೆಂಟ್ ಹೋದರೆ? ಕೆಲವು ಕುಕ್ಕರ್ ಬಿಟ್ಟಲ್ಲಿಂದ ಮುಂದುವರಿಸುತ್ತವೆ, ಕೆಲವು ಎಲ್ಲಾ ಮರೆತು ಸ್ಟ್ಯಾಂಡ್‌ಬೈಗೆ ಹೋಗುತ್ತವೆ. ನನ್ನದು ಮರೆಯುವ ಜಾತಿ. ಬೆಳಗ್ಗೆ ಎದ್ದಾಗ ಕಾಳು ಹಾಗೇ ಇದ್ದರೆ ಗೊತ್ತಾಗುತ್ತದೆ, ಅದು ಸುಲಭ. ಆದರೆ ಬೆಂದು, ಕೀಪ್ ವಾರ್ಮ್‌ನಲ್ಲಿ ಇದ್ದಾಗ ಕರೆಂಟ್ ಹೋಗಿ, ನೀವು ಬರುವ ಮೊದಲು ವಾಪಸ್ ಬಂದಿದ್ದರೆ, ಎಷ್ಟು ಹೊತ್ತು ತಣ್ಣಗಾಗಿ ಕೂತಿತ್ತು ಅಂತ ಯಾವ ಅಂಕಿಯೂ ಹೇಳುವುದಿಲ್ಲ. ನಾನು ಅಂಥದ್ದನ್ನು ಚೆಲ್ಲುತ್ತೇನೆ. ಹೊಟ್ಟೆ ಉರಿಯುತ್ತದೆ, ಆದರೂ.

ಕೀಪ್ ವಾರ್ಮ್ ಅಂದೆನಲ್ಲ. ಅದು ಆಹಾರವನ್ನು 60 ಡಿಗ್ರಿಗಿಂತ ಮೇಲೆ ಹಿಡಿದಿಡಬೇಕು, ಅದೇ ಅದರ ಕೆಲಸ. ಫ್ರಿಜ್‌ನಿಂದ ತೆಗೆದದ್ದನ್ನು ಬಿಸಿ ಮಾಡಲು ಅದನ್ನು ಬಳಸಬೇಡಿ. ಬಿಸಿಯಾಗುವಷ್ಟರಲ್ಲಿ ಆ ಅಪಾಯದ ಬಿಸಿಯಲ್ಲೇ ಗಂಟೆಗಟ್ಟಲೆ ಕಳೆಯುತ್ತದೆ.

ಅಕೋ, ಬೀಪ್ ಕೇಳಿತಾ? ನಮ್ಮ ಹತ್ತು ನಿಮಿಷ ಮುಗಿಯಿತು.

ಈ ಬೀಪ್ ಕೇಳಿದ ತಕ್ಷಣ ಕೈ ಮುಚ್ಚಳಕ್ಕೆ ಹೋಗುತ್ತದೆ. ಹೋಗಬಾರದು. ಬೇಯುವುದು ಮುಗಿಯಿತು ಅಂತ ಮಾತ್ರ ಅದು ಹೇಳುತ್ತಿದೆ, ತೆಗೆಯಬಹುದು ಅಂತ ಅಲ್ಲ. ಕ್ಯಾಮೆರಾ ಹತ್ತಿರ ತರುತ್ತೇನೆ, ಈ ಪಿನ್ ನೋಡಿ. ಮುಚ್ಚಳದ ಮಟ್ಟಕ್ಕೆ ಎದ್ದು ನಿಂತಿದೆ. ಒಳಗೆ ಒತ್ತಡ ಇದೆ. ಒಳಗಿನ ನೀರು ಈಗಲೂ 100 ಡಿಗ್ರಿ ಮೀರಿದ ಬಿಸಿಯಲ್ಲಿದೆ, ಒತ್ತಡ ಹಿಡಿದಿಟ್ಟಿರುವುದರಿಂದ ಮಾತ್ರ ಸುಮ್ಮನಿದೆ. ಮುಚ್ಚಳ ತಿರುಗದಿದ್ದರೆ ಬಲ ಹಾಕಬೇಡಿ, ಅದು ಜಾಮ್ ಆಗಿರುವುದಲ್ಲ, ಲಾಕ್ ಆಗಿರುವುದು.

ಒತ್ತಡ ತಾನಾಗಿ ಇಳಿಯಲು ಬಿಟ್ಟರೆ 10ರಿಂದ 30 ನಿಮಿಷ ಆಗುತ್ತದೆ, ಪಾತ್ರೆ ಎಷ್ಟು ತುಂಬಿದೆ ಅನ್ನುವುದರ ಮೇಲೆ. ಆ ಹೊತ್ತಲ್ಲೂ ಒಳಗಿನದು ಬೇಯುತ್ತಲೇ ಇರುತ್ತದೆ. ಹಾಗಾಗಿ ಕಾದು ತೆಗೆಯುವುದಾದರೆ ಟೈಮರ್‌ನಲ್ಲಿ ಸ್ವಲ್ಪ ಕಡಿಮೆ ಇಡಿ. ತಕ್ಷಣ ಹಬೆ ಬಿಡುವುದಾದರೆ ಉದ್ದ ಹಿಡಿಯ ಸೌಟಿನಿಂದ ವಾಲ್ವ್ ತಿರುಗಿಸಿ, ಮುಖ, ಮುಂಗೈ ಎರಡೂ ದೂರ ಇರಲಿ. ನೊರೆ ಬರುವ ಕಾಳು, ಗಂಜಿ, ತುಂಬಾ ತುಂಬಿದ ಪಾತ್ರೆ ಇದಕ್ಕೆಲ್ಲ ತಕ್ಷಣ ಬಿಡುವುದು ಬೇಡ. ಹಬೆಯ ಬದಲು ಬಿಸಿ ಗಂಜಿಯೇ ಚಿಮ್ಮುತ್ತದೆ. ವಾಲ್ವ್ ಮೇಲೆ ಬಟ್ಟೆ ಮುಚ್ಚಲೂಬೇಡಿ.

ತುಂಬುವ ಗೆರೆ ವಿಷಯ ಎಲ್ಲರಿಗೂ ಗೊತ್ತು, ಬೇಗ ಹೇಳಿಬಿಡುತ್ತೇನೆ: ಮೂರನೇ ಎರಡು ಭಾಗಕ್ಕಿಂತ ಮೇಲೆ ಬೇಡ, ಉಬ್ಬುವ ಪದಾರ್ಥ ಆದರೆ ಅರ್ಧಕ್ಕೆ ನಿಲ್ಲಿಸಿ. ಎತ್ತರದ ಜಾಗದಲ್ಲಿ ಇರುವವರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ದಾಟಿದ ಮೇಲೆ ಪ್ರತಿ 300 ಮೀಟರ್‌ಗೆ ಸಮಯವನ್ನು ಶೇ 5ರಷ್ಟು ಏರಿಸಿಕೊಳ್ಳಿ. ಮತ್ತೆ, ಕುಕ್ಕರ್ ಅನ್ನು ಸ್ಟವ್ ಮೇಲೆ ಇಡಬೇಡಿ, ಜಾಗ ಖಾಲಿ ಇದೆ ಅಂತ. ಸ್ಟವ್‌ನ ನಾಬ್‌ಗೆ ಮೈ ತಾಗಿ ಬರ್ನರ್ ಆನ್ ಆದರೆ ಅಡಿಯ ಪ್ಲಾಸ್ಟಿಕ್ ಕರಗುತ್ತದೆ.

ಈಗ ರಾತ್ರಿ 11 ಗಂಟೆ, ಮತ್ತೆ ಕಡಲೆಕಾಳು. ಒಳಪಾತ್ರೆಯ ಹೊರಗಡೆ, ತಳ ಒರೆಸುತ್ತೇನೆ, ಒಂದು ಕಾಳು ಕೂಡ ಹೀಟರ್ ತಟ್ಟೆ ಮೇಲೆ ಇರಬಾರದು. ರಿಂಗ್ ಸುತ್ತಲೂ ಬೆರಳಾಡಿಸುತ್ತೇನೆ, ಎಲ್ಲೂ ಎದ್ದಿಲ್ಲ. ಪಿನ್ ಮೇಲೆ ಕೆಳಗೆ ಸಲೀಸಾಗಿ ಆಡುತ್ತಿದೆ. ಮುಚ್ಚಳ, ಲಾಕ್. ವಾಲ್ವ್ ಸೀಲ್ ಕಡೆಗೆ. ಸ್ವಲ್ಪ ಅಲ್ಲಾಡುತ್ತದೆ ನೋಡಿ, ಅದು ಹಾಗೇ ಇರುವುದು, ಕೆಟ್ಟಿಲ್ಲ. ಕುಕ್ಕರ್ ಅನ್ನು ಕಪಾಟಿನ ಅಡಿಯಿಂದ ಮುಂದಕ್ಕೆ ಎಳೆದಿದ್ದೇನೆ. ಬೇಯಲು 25 ನಿಮಿಷ. ಡಿಲೇ ಆರು ಗಂಟೆ. ಫೋನ್‌ನಲ್ಲಿ ಅಲಾರಂ 4:55ಕ್ಕೆ.

ಅಂಕಿ ಬರುವವರೆಗೂ ಇಲ್ಲೇ ನಿಂತಿರಬೇಕಲ್ಲ, ಅದಕ್ಕೆ.