ಬಕೆಟ್ಟು, ಚೊಂಬಿನ ಮನೆಗೊಂದು ಉಡುಗೊರೆ

ನಮಸ್ಕಾರ. ಹೋದ ಶ್ರಾವಣದಲ್ಲಿ ನಮ್ಮ ಗೃಹಪ್ರವೇಶಕ್ಕೆ ಬಂದಿದ್ದ ಗೆಳತಿಯೊಬ್ಬಳು ಅಗಲ ಬಾಯಿಯ ಗಾಜಿನ ಭರಣಿಯಲ್ಲಿ ಆರು ಬಣ್ಣದ ಗುಂಡುಗಳನ್ನು ತುಂಬಿ ತಂದಿದ್ದಳು. ಅವು ಬಾತ್ ಬಾಂಬ್‌ಗಳು, ಎಂದರೆ ಮೀಯುವ ನೀರಿಗೆ ಹಾಕುವ ಗುಂಡುಗಳು. ಇಡೀ ಭಾನುವಾರ ಕುಳಿತು ತಾನೇ ಮಾಡಿದ್ದೆಂದು ಹೇಳಿದಳು. ಮೆಚ್ಚಬೇಕಾದ ಶ್ರಮ. ಆದರೆ ನಮ್ಮ ಬಚ್ಚಲಿನಲ್ಲಿರುವುದು ಒಂದು ಬಕೆಟ್ಟು, ಒಂದು ಚೊಂಬು. ಒಂದು ಗುಂಡನ್ನು ಬಕೆಟ್ಟಿಗೆ ಹಾಕಿ ನೋಡಿದೆವು. ಬುಸುಬುಸು ಎಂದು ನೊರೆ ಎದ್ದಿತು, ಮಕ್ಕಳು ಚಪ್ಪಾಳೆ ತಟ್ಟಿದರು, ಆಮೇಲೆ ಆ ನೀಲಿ ನೀರನ್ನು ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಉಳಿದ ಐದು ಗುಂಡುಗಳು ಮಳೆಗಾಲದ ತೇವ ಹೀರಿ, ಭರಣಿಯೊಳಗೇ ಮೆಲ್ಲಗೆ ಬಿರಿದು, ಒಂದಕ್ಕೊಂದು ಅಂಟಿ ಒಂದೇ ಮುದ್ದೆಯಾದವು.

ಆ ಗುಂಡಿನೊಳಗಿನ ಗುಟ್ಟು ತೀರ ಸರಳವಾದದ್ದು. ಅಡುಗೆ ಸೋಡಾ ಎರಡು ಪಾಲು, ನಿಂಬೆ ಉಪ್ಪು ಒಂದು ಪಾಲು. ನೀರು ಸೋಕಿದರೆ ಇವೆರಡೂ ಕೂಡಿ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತವೆ, ಅದೇ ಆ ನೊರೆ. ಇಂಗ್ಲೆಂಡಿನ ಮೋ ಕಾನ್‌ಸ್ಟಂಟೈನ್ ಎಂಬಾಕೆ 1989ರಲ್ಲಿ ಇದನ್ನು ರೂಪಿಸಿದ್ದು ತೊಟ್ಟಿಯಲ್ಲಿ ಬೆಚ್ಚಗೆ ಮಲಗಿ ಮೀಯುವ ಜನರಿಗಾಗಿ. ಅಲ್ಲಿ ಅದಕ್ಕೆ ಅರ್ಥವಿದೆ. ಅಮೆರಿಕದಲ್ಲಿರುವ ನಿಮ್ಮ ಅಕ್ಕನ ಮನೆಯಲ್ಲಿ ತೊಟ್ಟಿಯಿದ್ದರೆ ಧಾರಾಳವಾಗಿ ಮಾಡಿಕೊಡಿ. ನನ್ನ ತಕರಾರು ಇರುವುದು ಗುಂಡಿನ ಬಗ್ಗೆ ಅಲ್ಲ, ಪಡೆಯುವವರ ಬಚ್ಚಲನ್ನು ನೆನೆಯದೆ ಉಡುಗೊರೆ ಮಾಡುವ ನಮ್ಮ ಅಭ್ಯಾಸದ ಬಗ್ಗೆ. ಕಡಿಮೆ ಖರ್ಚಿನದು ಎಂದು ತೋರಿಸುವ ಎಷ್ಟೋ ವಿಡಿಯೋಗಳಲ್ಲಿ ಸಿಲಿಕೋನ್ ಅಚ್ಚು, ಸುಗಂಧ ತೈಲ, ಮೈಕಾ ಬಣ್ಣ, ರಿಬ್ಬನ್ನು, ಹೊಸ ಭರಣಿ ಎಲ್ಲವನ್ನೂ ಕೊಂಡು ತರಿಸಲಾಗುತ್ತದೆ. ಕೊನೆಗೆ ಲೆಕ್ಕ ಹಾಕಿದರೆ ಅಂಗಡಿಯ ಒಳ್ಳೆಯ ಸೋಪಿನ ಪೆಟ್ಟಿಗೆಯೇ ಅಗ್ಗವಾಗಿತ್ತು ಎಂದು ಗೊತ್ತಾಗುತ್ತದೆ.

ಮೀಯುವುದಕ್ಕೆ ಸಂಬಂಧಿಸಿದ ಉಡುಗೊರೆಗೆ ನಮ್ಮಲ್ಲಿ ಒಂದು ಹಬ್ಬವೇ ಇರುವಾಗ ನಾವು ಬೇರೆಲ್ಲೋ ಹುಡುಕುತ್ತೇವೆ. ದೀಪಾವಳಿಯ ಮೊದಲ ಸಂಜೆ ನೀರು ತುಂಬುವ ಹಬ್ಬ. ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಮಲೆನಾಡು ಕರಾವಳಿಯ ಕಡೆ ಅದರ ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ ನೀರು ತುಂಬಿಸುತ್ತಾರೆ. ಮರುದಿನ ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆಸ್ನಾನ. ಹಂಡೆಯ ಜಾಗಕ್ಕೆ ಗೀಸರ್ ಬಂದಿರುವ ಮನೆಯಲ್ಲಿಯೂ ಆ ದಿನ ತಲೆಗೆ ಎಣ್ಣೆ ಬೀಳುತ್ತದೆ. ಹೀಗಿರುವಾಗ ಬಚ್ಚಲಿನ ಉಡುಗೊರೆಯನ್ನು ಪಟಾಕಿ, ಸಿಹಿತಿಂಡಿಯ ಜೊತೆ ಹಬ್ಬದ ದಿನ ಕೊಟ್ಟರೆ ಒಂದು ದಿನ ತಡವಾಯಿತೆಂದೇ ಲೆಕ್ಕ. ಅದು ನೀರು ತುಂಬುವ ಸಂಜೆಗಿಂತ ಮುಂಚೆ ಕೈ ಸೇರಬೇಕು.

ನಾನು ಮಾಡುವುದು ಸೀಗೆಪುಡಿ. ವಿಜಯದಶಮಿಯಿಂದ ನರಕ ಚತುರ್ದಶಿಗೆ ಸುಮಾರು 19 ದಿನಗಳ ಅಂತರವಿರುತ್ತದೆ, ಮಳೆ ಹಿಂದೆ ಸರಿದಿದ್ದರೆ ಬಿಸಿಲೂ ಸಿಗುತ್ತದೆ. ಗೊಂಬೆಗಳನ್ನು ಪೆಟ್ಟಿಗೆಗೆ ಸೇರಿಸಿದ ಮಾರನೆಯ ದಿನವೇ ಕೆಲಸ ಶುರು ಮಾಡಿದರೆ ಸರಿಹೋಗುತ್ತದೆ. ಗ್ರಂಥಿಗೆ ಅಂಗಡಿಯಿಂದ ಒಂದು ಕಿಲೋ ಸೀಗೆಕಾಯಿ, ಕಾಲು ಕಿಲೋ ಹೆಸರುಕಾಳು, 100 ಗ್ರಾಂ ಮೆಂತ್ಯ, ಒಂದು ಹಿಡಿ ಅಂಟುವಾಳಕಾಯಿಯ ಸಿಪ್ಪೆ ತರುತ್ತೇನೆ. ಮನೆಯಿಂದ ಸೇರುವುದು ಪೂಜೆಯ ಮರುದಿನ ನೆರಳಿನಲ್ಲಿ ಒಣಗಿಸಿಟ್ಟ ಗುಲಾಬಿ ಎಸಳು, ದಾಸವಾಳದ ಎಲೆ, ಕಿತ್ತಳೆ ಸಿಪ್ಪೆ. ಸೀಗೆ ಮತ್ತು ಅಂಟುವಾಳ ಎರಡರಲ್ಲಿಯೂ ಸಪೋನಿನ್ ಎಂಬ ನೊರೆ ಬರಿಸುವ ಅಂಶವಿದೆ, ಎಣ್ಣೆಯನ್ನು ಬಿಡಿಸುವುದು ಅದೇ. ಹೆಸರುಕಾಳು ಆ ಒರಟನ್ನು ತಗ್ಗಿಸುತ್ತದೆ, ಮೆಂತ್ಯ ಕೂದಲಿಗೆ ನುಣುಪು ಕೊಡುತ್ತದೆ. ಎಲ್ಲವನ್ನೂ ಮುರಿದರೆ ಪಟ್ಟೆನ್ನುವಷ್ಟು ಒಣಗಿಸಬೇಕು. ಸೀಗೆಯ ಬೀಜ ತೆಗೆಯುವುದು ಬೇಸರದ ಕೆಲಸ, ಆದರೂ ತೆಗೆದರೆ ಪುಡಿ ನಯವಾಗುತ್ತದೆ.

ಕಷ್ಟವಿರುವುದು ಗಿರಣಿಯಲ್ಲಿ. ರಾಗಿ, ಅಕ್ಕಿ ಬೀಸುವ ಕಲ್ಲಿಗೆ ಸೀಗೆ ಹಾಕಲು ಯಾವ ಗಿರಣಿಯವರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ನಿಮ್ಮ ನಂತರ ಬಂದವರ ಮುದ್ದೆ ಕಹಿಯಾಗುತ್ತದೆ. ಇಂಥದ್ದಕ್ಕೆ ಬೇರೆ ಯಂತ್ರ ಇಟ್ಟಿರುವವರನ್ನು ಕೇಳಿಕೊಂಡು ಹೋಗಬೇಕು. ಮನೆಯ ಮಿಕ್ಸಿಯಲ್ಲಿ ಮಾಡುವುದಾದರೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ನಾನು ಮೊದಲ ಸಲ ಕಟ್ಟಿಕೊಳ್ಳದೆ ಮುಚ್ಚಳ ತೆಗೆದು, ಸಂಜೆಯವರೆಗೆ ಸೀನಿದೆ; ಪಕ್ಕದ ಮನೆಯ ಅಜ್ಜಿ ಕಷಾಯ ಹಿಡಿದುಕೊಂಡು ಬಂದಿದ್ದರು.

ಈ ಪುಡಿಗೆ ಶತ್ರುವೊಂದಿದ್ದರೆ ಅದು ನೀರು. ಒಣಗಿದ್ದಾಗ ತಿಂಗಳುಗಟ್ಟಲೆ ಕೆಡದೆ ಇರುವುದು ಒದ್ದೆ ಚಮಚ ಸೋಕಿದರೆ ಮುಗ್ಗುಲು ಹಿಡಿಯುತ್ತದೆ. ಹಾಗಾಗಿ ಹಾಲು, ಮೊಸರು, ಲೋಳೆಸರದ ತಿರುಳು, ಹಣ್ಣಿನ ರಸ ಬೆರೆಸಿ ಮಾಡಿದ ಲೇಪಗಳನ್ನು ಉಡುಗೊರೆಯಾಗಿ ಕೊಡುವುದನ್ನು ನಾನು ಒಪ್ಪುವುದಿಲ್ಲ; ಸಂರಕ್ಷಕ ಹಾಕದ ಅಂಥ ಲೇಪ ಕೆಲವೇ ದಿನಗಳಲ್ಲಿ ಕೆಡುತ್ತದೆ, ಕೆಟ್ಟದ್ದು ಕಣ್ಣಿಗೆ ಕಾಣುವ ಮುಂಚೆಯೇ ಚರ್ಮಕ್ಕೆ ತಾಕಿರುತ್ತದೆ. ಪುಡಿಯ ಭರಣಿಯ ಮೇಲೆ ಏನೇನು ಹಾಕಿದೆ, ಯಾವ ದಿನ ಬೀಸಿದ್ದು, ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ, ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ನೋಡಿ ಎಂದು ಬರೆದಿರಲೇಬೇಕು. ಎಳೆ ಕೂಸುಗಳಿರುವ ಮನೆಗೆ ಕೊಡುವಾಗ ಇದು ದೊಡ್ಡವರಿಗೆ ಮಾತ್ರ ಎಂದು ಬಾಯಿಬಿಟ್ಟು ಹೇಳುವುದು ಸಂಕೋಚದ ಮಾತಲ್ಲ.

ಭರಣಿ ಎಂದೆನಲ್ಲ, ಅದನ್ನು ದಯವಿಟ್ಟು ಕೊಳ್ಳಬೇಡಿ. ಹಾರ್ಲಿಕ್ಸಿನ ಗಾಜಿನ ಬಾಟಲಿ ಇಲ್ಲದ ಅಟ್ಟ ನಮ್ಮಲ್ಲಿ ಅಪರೂಪ. ಅಂಟಿದ ಚೀಟಿ ಬಿಡದಿದ್ದರೆ ಕೊಬ್ಬರಿ ಎಣ್ಣೆಗೆ ಅಡುಗೆ ಸೋಡಾ ಕಲಸಿ ಹಚ್ಚಿ ಅರ್ಧ ಗಂಟೆ ಬಿಟ್ಟು ಉಜ್ಜಿದರೆ ಗೋಂದು ಬಿಡುತ್ತದೆ. ಉಪ್ಪಿನಕಾಯಿಯ ಬಾಟಲಿಯಾದರೆ ಗಾಜಿನ ವಾಸನೆ ತೊಳೆದರೆ ಹೋಗುತ್ತದೆ, ಮುಚ್ಚಳದ ಒಳಪದರದ್ದು ಹೋಗುವುದಿಲ್ಲ. ಇಂಗಿನ ಪರಿಮಳದ ಸೀಗೆಪುಡಿಯನ್ನು ಯಾರೂ ಬಯಸರು. ಹೆಸರು ಬರೆಯಲು ಹಳೆಯ ಮದುವೆ ಕಾಗದದ ಖಾಲಿ ಬದಿ ಸಾಕು, ಕಟ್ಟಲು ಬಾಳೆನಾರು.

ಇನ್ನು ಸೋಪು. ಮನೆಯಲ್ಲಿ ಸೋಪು ಮಾಡಿ ಕೊಡುವ ಹುಮ್ಮಸ್ಸು ಈಗ ಹೆಚ್ಚಾಗಿದೆ, ಅದನ್ನು ರಾಸಾಯನಿಕವಿಲ್ಲದ ಸೋಪು ಎಂದು ಕರೆಯುವ ಚಾಳಿಯೂ ಜೊತೆಗೆ ಬಂದಿದೆ. ಎಣ್ಣೆಗೆ ಕ್ಷಾರ ಸೇರದೆ ಸೋಪು ಆಗುವುದೇ ಇಲ್ಲ. ಆ ಕ್ಷಾರವಾದ ಕಾಸ್ಟಿಕ್ ಸೋಡಾ ಚರ್ಮವನ್ನು ಸುಡುತ್ತದೆ, ಅಲ್ಯೂಮಿನಿಯಂ ಪಾತ್ರೆಯನ್ನು ತಿನ್ನುತ್ತದೆ. ಅದನ್ನು ನೀರಿಗೆ ಹಾಕಬೇಕೇ ಹೊರತು ಅದರ ಮೇಲೆ ನೀರು ಸುರಿಯಬಾರದು. ಮಾಡಿದ ಬಿಲ್ಲೆ ನಾಲ್ಕರಿಂದ ಆರು ವಾರ ಮಾಗಬೇಕು. ಮಕ್ಕಳು ಓಡಾಡುವ ಅಡುಗೆಮನೆಯಲ್ಲಿ, ಹಬ್ಬದ ಗಡಿಬಿಡಿಯಲ್ಲಿ ಮಾಡುವ ಕೆಲಸ ಇದಲ್ಲ. ಅದಕ್ಕಿಂತ ಒಂದು ಮೈಸೂರು ಸ್ಯಾಂಡಲ್ ಸೋಪು ಕೊಂಡು, ಅದನ್ನು ಇಡುವ ತಟ್ಟೆಯನ್ನು ನೀವು ಮಾಡಿ. ಆ ಸೋಪಿನ ಹುಟ್ಟಿನಲ್ಲಿಯೂ ಮನೆಯಲ್ಲಿ ಉಳಿದದ್ದನ್ನು ಬಳಸಿಕೊಂಡ ಜಾಣತನವಿದೆ: ಯುರೋಪಿಗೆ ಹೋಗುತ್ತಿದ್ದ ಶ್ರೀಗಂಧ ಮೊದಲ ಮಹಾಯುದ್ಧದಿಂದಾಗಿ ಇಲ್ಲೇ ರಾಶಿ ಬಿದ್ದಾಗ, ಮೈಸೂರು ಸಂಸ್ಥಾನ 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ತೆರೆಯಿತು, 1918ರಲ್ಲಿ ಸೋಪು ತಯಾರಿಕೆ ಶುರುವಾಯಿತು.

ತಟ್ಟೆಗೆ ಬೇಕಾದದ್ದು ತೆಂಗಿನ ಕರಟ. ಕಣ್ಣುಗಳಿರುವ ಅರ್ಧ ಭಾಗವನ್ನೇ ಆರಿಸಿಕೊಳ್ಳಬೇಕು, ಏಕೆಂದರೆ ಮೂರು ಕಣ್ಣುಗಳಲ್ಲಿ ಒಂದು ಮೆತ್ತಗಿರುತ್ತದೆ; ಮೊಳೆಯಿಂದ ಒತ್ತಿದರೆ ತೂತಾಗಿ ನೀರು ಬಸಿದುಹೋಗುವ ದಾರಿಯಾಗುತ್ತದೆ. ಹೊರಗಿನ ನಾರನ್ನು ಚಾಕುವಿನಿಂದ ಹೆರೆದು, ಉಜ್ಜುಕಾಗದದಿಂದ ತಿಕ್ಕಿ, ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿದರೆ ಕಪ್ಪು ಹೊಳಪು ಬರುತ್ತದೆ. ಉರುಳದೆ ನಿಲ್ಲಲು ಹಳೆಯದೊಂದು ದಪ್ಪ ಹಿತ್ತಾಳೆಯ ಬಳೆ ಕೆಳಗಿಟ್ಟರಾಯಿತು. ನನ್ನ ಮಾವನವರು ಇದನ್ನು ನೋಡಿ, “ಇಷ್ಟಕ್ಕೇ ಅರ್ಧ ದಿನ ಕೂತೆಯಾ?” ಎಂದು ಕೇಳಿದ್ದರು, ಈಗ ಅವರ ಸೋಪು ಇರುವುದು ಅದರಲ್ಲಿಯೇ.

ಬಟ್ಟೆಯ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಹತ್ತಾರು ಸಲ ಒಗೆದ ಹತ್ತಿ ಸೀರೆಯಷ್ಟು ಚೆನ್ನಾಗಿ ನೀರು ಹೀರುವ ಹೊಸ ಟವೆಲ್ಲು ನಾನು ಕಂಡಿಲ್ಲ. ಎರಡು ಪದರ ಸೇರಿಸಿ ಅಂಚು ಹೊಲಿದರೆ ತಲೆಗೆ ಸುತ್ತುವ ವಸ್ತ್ರವಾಗುತ್ತದೆ. ಕೌದಿ ಹೊಲಿಯುವವರಿಗೆ ಇದನ್ನು ಹೇಳಿಕೊಡುವುದೇ ಅಧಿಕಪ್ರಸಂಗ.

ನನಗೆ ಎಲ್ಲಕ್ಕಿಂತ ಇಷ್ಟವಾದ ಉಡುಗೊರೆ ತುಪ್ಪದ ಹೀರೆಯದು. ಕಾಂಪೌಂಡಿನ ಮೇಲೆ ಹಬ್ಬಿದ ಬಳ್ಳಿಯಲ್ಲಿ ಪಲ್ಯಕ್ಕೆ ಕೊಯ್ಯುವಾಗ ಎಲೆಯ ಮರೆಯಲ್ಲಿ ತಪ್ಪಿಸಿಕೊಂಡ ಕಾಯಿ ಬಲಿತು ಒಣಗಿ, ಅಲುಗಿಸಿದರೆ ಗಿಲಕಿಯಂತೆ ಸದ್ದು ಮಾಡುತ್ತದಲ್ಲ, ಅದನ್ನು ನೀರಿನಲ್ಲಿ ನೆನೆಸಿ ಸಿಪ್ಪೆ ಸುಲಿದರೆ ಒಳಗೆ ಬಿಳಿಯ ನಾರಿನ ಬಲೆ. ಬೀಜ ಉದುರಿಸಿ, ಬಿಸಿಲಿಗೆ ಹಾಕಿ, ಗೇಣುದ್ದದ ತುಂಡುಗಳಾಗಿ ಕತ್ತರಿಸಿ ಬಾಳೆನಾರಿನ ಕುಣಿಕೆ ಕಟ್ಟಿದರೆ ಮೈಯುಜ್ಜಲು ತಯಾರು. ಖರ್ಚು ಏನೂ ಇಲ್ಲ, ಕಾಯುವುದು ಮಾತ್ರ ತಿಂಗಳುಗಟ್ಟಲೆ. ಬಳಸಿದ ಮೇಲೆ ನೀರು ಹಿಂಡಿ ಗಾಳಿಗೆ ತೂಗುಹಾಕಬೇಕೆಂದು ಚೀಟಿಯಲ್ಲಿ ಬರೆಯುತ್ತೇನೆ, ಇಲ್ಲದಿದ್ದರೆ ಅದೂ ಮುಗ್ಗುತ್ತದೆ. ಉದುರಿದ ಕಪ್ಪು ಬೀಜಗಳಲ್ಲಿ ಆರೇಳನ್ನು ಮದುವೆ ಕಾಗದದ ಪುಟ್ಟ ಲಕೋಟೆಗೆ ಹಾಕಿ ಜೊತೆಗೇ ಕಟ್ಟುತ್ತೇನೆ, ಮುಂಗಾರಿಗೆ ಬಿತ್ತಿಕೊಳ್ಳಲಿ ಎಂದು. ಬಾತ್ ಬಾಂಬ್ ತಂದಿದ್ದ ಆ ಗೆಳತಿಗೂ ಈ ಸಲ ಒಂದು ಲಕೋಟೆ ತೆಗೆದಿಟ್ಟಿದ್ದೇನೆ. ಆಕೆಯ ಬಾಲ್ಕನಿಯಲ್ಲಿ ಬಳ್ಳಿ ಹಬ್ಬಿಸಲು ಜಾಗವಿದೆಯೇ ಎಂದು ಮೊದಲೇ ಕೇಳಿಕೊಂಡೇ.